ನಂದಿಯ ತಪ್ಪಲಿನಲ್ಲಿ ಬೈಸಿಕಲ್ ಯಾತ್ರೆ

ಯಾತ್ರೆಯೆಂದೊಡನೆ ಇಂದು ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ವಾಹನ ಯಾವುದೆಂಬುದು. ಕಾರು ಗೊತ್ತಾದ ಮೇಲೆ ಊಟದ ವಿಚಾರ, ಊಟ ಗೊತ್ತಾದ ಮೇಲೆ ಹಿಂದಿರುಗುವ ವೇಳೆಯ ವಿಚಾರ. ನಡುವಿನ ಊರು, ಕೆರೆ, ಹೊಲಗಳು ಕಿಟಕಿಯ ಗಾಜಿನಾಚೆ ಸರಿದುಹೋಗುತ್ತವೆ. ಮಠದ ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದಾಗ ನಮಗಿದ್ದ ಐಶ್ವರ್ಯವೆಂದರೆ ಒಂದು ಹಳೆಯ ಬೈಸಿಕಲ್ಲು. ಹಳ್ಳಿಗಳಲ್ಲಿ ಪ್ರವಚನವಿದ್ದಾಗ ಪಂಡಿತರ ಪುಸ್ತಕದ ಗಂಟನ್ನು ಅದರ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದೆವು. ದಾರಿಯಲ್ಲಿ ಎದುರಾದವರೆಲ್ಲರೊಡನೆ ಮಾತನಾಡಲು ಬಿಡುವಿತ್ತು. ಆ ಬಿಡುವನ್ನು ಮತ್ತೊಮ್ಮೆ ಅರಸಿ, ಅರವತ್ತು ದಾಟಿದ ಈ ವಯಸ್ಸಿನಲ್ಲಿ, ಎಂಟನೆಯ ತರಗತಿಯನ್ನು ಮುಗಿಸಿದ ಮೊಮ್ಮಗಳು ಹಾಗೂ ಅಳಿಯಂದಿರೊಡನೆ ನಾವು ನಂದಿಯ ತಪ್ಪಲಿಗೆ ಹೊರಟೆವು.

ಮೊಮ್ಮಗಳಿಗೆ ನಾವೊಂದು ಮಾತು ಕೊಟ್ಟಿದ್ದೆವು. ನಂದಿಯ ಸುತ್ತಣ ಗಿರಿಶ್ರೇಣಿ ನದಿಗಳ ತವರುಮನೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳ ಮೂಲ ಇಲ್ಲಿಯದೇ. ಅರ್ಕಾವತಿ ಕಾವೇರಿಯನ್ನು ಸೇರಿದರೆ, ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮೂಲಕ ಆಂಧ್ರಕ್ಕೆ ಇಳಿದು, ನೆಲ್ಲೂರಿನ ಬಳಿ ಸಮುದ್ರವನ್ನು ಸೇರುತ್ತದೆ. ಆ ನದಿಯ ಜಾಡು ಹಿಡಿದು ಎರಡು ದಿನ ಹೋಗೋಣವೆಂಬುದೇ ನಮ್ಮ ಮಾತು. ಆ ಮಾತು ನಮ್ಮನ್ನು ಹೇಗೆ ಪರೀಕ್ಷಿಸಿತೆಂಬುದೇ ಈ ಲೇಖನದ ವಿಷಯ.

ಶನಿವಾರ, ಭಾನುವಾರಗಳಲ್ಲಿ ನಂದಿಬೆಟ್ಟದ ರಸ್ತೆ ಬೆಂಗಳೂರಿನ ಪೇಟೆಬೀದಿಯೇ ಆಗಿಬಿಡುತ್ತದೆ. ಸೂರ್ಯೋದಯ ನೋಡಲು ಬರುವವರ ವಾಹನಗಳು ನಸುಕಿನಿಂದಲೇ ಸಾಲುಗಟ್ಟುತ್ತವೆ. ಆದಕಾರಣ ನಾವು ಬೇಸಿಗೆ ರಜೆಯ ಒಂದು ಮಂಗಳವಾರವನ್ನು ಆರಿಸಿಕೊಂಡೆವು. 4,851 ಅಡಿ ಎತ್ತರದ ಬೆಟ್ಟವನ್ನು ಬೈಸಿಕಲ್ಲಿನಲ್ಲಿ ಏರುವ ತರುಣರಿದ್ದಾರೆ. ಅದು ನಮ್ಮ ಮೊಣಕಾಲಿನ ಕೆಲಸವಲ್ಲ. ತಪ್ಪಲಿನ ಹಳ್ಳಿರಸ್ತೆಗಳೇ ನಮಗೆ ಸಾಕಾಗಿದ್ದವು.

ಬೆಳಗಿನ ಪೂಜೆಯನ್ನು ಮುಗಿಸಿ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಬಾಗಿಲಿಗೆ ಬಂದಾಗ ಅಲ್ಲಿ ಇನ್ನೂ ಜನವಿರಲಿಲ್ಲ. ಬಾಣ ಅರಸನ ರಾಣಿ ರತ್ನಾವಳಿಯು ಇಲ್ಲಿ ಶಿವಾಲಯವನ್ನು ಕಟ್ಟಿಸಿದಳೆಂದು ಕ್ರಿ.ಶ. 806ರ ತಾಮ್ರಶಾಸನ ತಿಳಿಸುತ್ತದೆ. ಆ ಬಳಿಕ ಚೋಳರೂ ವಿಜಯನಗರದವರೂ ಇದನ್ನು ಬೆಳೆಸಿದರು. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಗುಡಿಗಳ ನಡುವಣ ಕಲ್ಯಾಣಮಂಟಪದ ಕಂಬಗಳಲ್ಲಿ ಕಲ್ಲು ಬಳ್ಳಿಯಾಗಿದೆ, ಗಿಳಿಯಾಗಿದೆ. ಹಿಂದಿನ ಶೃಂಗಿತೀರ್ಥದ ನಾಲ್ಕೂ ಕಡೆಯ ಮೆಟ್ಟಿಲುಗಳನ್ನು ನೋಡಿದ ಮೊಮ್ಮಗಳು, “ನೀರನ್ನು ಕಾಯುವುದಕ್ಕೆ ಇಷ್ಟೊಂದು ಕಲ್ಲು ಹೊತ್ತರೇ ತಾತ?” ಎಂದು ಕೇಳಿದಳು. ಆ ಪ್ರಶ್ನೆಯ ತೂಕ ಆಗ ನಮಗೆ ತಿಳಿಯಲಿಲ್ಲ.

ಅಲ್ಲಿಂದ ಮುದ್ದೇನಹಳ್ಳಿಯ ಕಡೆಗೆ ಹೊರಟೆವು. ಎಡಬಲಗಳಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆದು ಹಬ್ಬಿಸಿದ ದ್ರಾಕ್ಷಿಯ ಚಪ್ಪರಗಳು. ಇಲ್ಲಿಯ ಹೆಸರಾಂತ ತಳಿ ಬೆಂಗಳೂರು ನೀಲಿ; 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಚಾಟನಿ ಮಾಡಿದ ಮೇಲೆ ಸುಮಾರು ನಾಲ್ಕು ತಿಂಗಳಿಗೆ ಫಲ. ವರ್ಷಕ್ಕೆ ಎರಡು ಬೆಳೆ ತೆಗೆಯುವುದು ಈ ಸೀಮೆಯ ರೂಢಿ. ನೀರು ಕೇಳಲೆಂದು ಒಂದು ತೋಟದ ಬಳಿ ನಿಂತೆವು. ತೆಲುಗು ಬೆರೆತ ಸವಿಗನ್ನಡದಲ್ಲಿ ಮಾತನಾಡಿದ ಆ ವೃದ್ಧ ರೈತರು ನೀರನ್ನೂ ಕೊಟ್ಟರು, ಒಂದು ಬುಟ್ಟಿ ಹಣ್ಣನ್ನೂ ಮುಂದಿಟ್ಟರು, ಹಣವನ್ನು ಮುಟ್ಟಲಿಲ್ಲ.

ಈ ಹಣ್ಣಿನಲ್ಲಿ ಒಂದು ಪಾಲು ಮದ್ಯದ ಕಾರ್ಖಾನೆಗೆ ಹೋಗುವುದೆಂದು ಕೇಳಿದ್ದೆವು. ಆ ಕುರಿತು ನಾಲ್ಕು ಹಿತವಚನ ಹೇಳಬೇಕೆಂದು ನಾಲಿಗೆ ತುಡಿಯುತ್ತಿತ್ತು. ಅಷ್ಟರಲ್ಲಿ ಅವರೇ ಹೇಳಿದರು: “ಸಾವಿರದಿನ್ನೂರು ಅಡಿ ಕೊರೆಸಿದ್ದೀನಿ ಸ್ವಾಮಿ. ಒಂದು ಬಾವಿ ಒಣಗಿತು, ಎರಡನೆಯದೂ ಒಣಗಿತು, ಮೂರನೆಯದರಲ್ಲಿ ಗಂಟೆ ಹೊತ್ತು ನೀರು ಬರುತ್ತೆ. ಆಲಿಕಲ್ಲು ಬಿದ್ದರೆ ಒಂದೇ ಸಂಜೆಗೆ ವರ್ಷದ ದುಡಿಮೆ ನೆಲಕ್ಕೆ. ಮಗ ಚಪ್ಪರ ಕಿತ್ತು ಸೈಟು ಮಾಡೋಣ ಅಂತಾನೆ. ಈ ಸಲದ ಹಣ್ಣು ನೋಡಿ ಹೇಳ್ತೀನಿ ಅಂದಿದ್ದೀನಿ.” ನಮ್ಮ ಹಿತವಚನ ಗಂಟಲಿನಲ್ಲಿಯೇ ಉಳಿಯಿತು. ಕಾಯಕವನ್ನು ಕುರಿತು ನಲವತ್ತು ವರ್ಷ ಉಪನ್ಯಾಸ ಮಾಡಿದ ನಾವು, ಅಂದು ಕಾಯಕ ಮಾಡುವವರ ಎದುರು ಕೇಳುಗರಾಗಿ ಕುಳಿತೆವು. ಅದೇ ಸರಿಯಾದ ಸ್ಥಾನವೆಂದು ತೋರಿತು.

ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಗೃಹವನ್ನೂ ಸಮಾಧಿಯನ್ನೂ ಸಂದರ್ಶಿಸಿದೆವು. ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿಸಿದ ಮಹನೀಯರ ಹುಟ್ಟೂರಿನ ಸುತ್ತ ಇಂದು ನೀರಿಗಾಗಿ ಪಾತಾಳವನ್ನು ಕೊರೆಯುತ್ತಿದ್ದಾರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಯಲ್ಲಿ ಮಾತ್ರ ನೀರು ಕಂಡಿತು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರಿನಂತೆ 65 ಕೆರೆಗಳಿಗೆ ಹರಿಸುವ ಯೋಜನೆಯ ಫಲವದು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬುದು ಈ ಭಾಗದ ರೈತರ ಬೇಡಿಕೆ. ನದಿಗಳನ್ನು ಹೆತ್ತ ಸೀಮೆ ನಗರವು ಬಳಸಿ ಬಿಟ್ಟ ನೀರಿಗೆ ಕೈಯೊಡ್ಡಬೇಕಾದುದನ್ನು ಕಂಡು ಅಳಿಯಂದಿರು ಮೌನವಾದರು.

ಹೆದ್ದಾರಿಯನ್ನು ಆದಷ್ಟೂ ಬಿಟ್ಟು ಒಳದಾರಿಗಳಲ್ಲಿ ಮಂಚೇನಹಳ್ಳಿಯ ಕಡೆಗೆ ಸಾಗಿದೆವು. ಗಂಟೆಗೊಂದು ಟ್ರ್ಯಾಕ್ಟರು, ಹಾಲಿನ ಕ್ಯಾನು ಹೊತ್ತ ಒಂದೆರಡು ಸ್ಕೂಟರು. ಉಳಿದಂತೆ ರಸ್ತೆಯೆಲ್ಲ ನಮ್ಮದೇ. ಹುಣಿಸೆಯ ನೆರಳು, ರಾಗಿಯ ಮೆದೆ, ದೂರದಲ್ಲಿ ಬೆಟ್ಟಗಳ ನೀಲಿ. ಬೈಸಿಕಲ್ಲಿನಲ್ಲಿ ಹೋಗುವವನಿಗೆ ಇಳಿಜಾರು ತಾನಾಗಿಯೇ ತಿಳಿಯುತ್ತದೆ. ಮಳೆಯ ನೀರು ಯಾವ ಕಡೆ ಹರಿಯಬೇಕೆಂಬುದನ್ನು ಕಾಲುಗಳೇ ಹೇಳುತ್ತವೆ. ಕಾರಿನಲ್ಲಿ ಈ ಜ್ಞಾನವಿಲ್ಲ. ಆ ರಾತ್ರಿ ಪರಿಚಯಸ್ಥರ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಸುಖವಾದ ನಿದ್ರೆ.

ಮರುದಿನ ಬೆಳಿಗ್ಗೆ, ಗೌರಿಬಿದನೂರಿಗೆ ಮುಂಚೆ, ನದಿಯ ದಂಡೆಗೆ ಇಳಿದೆವು. ಮೊಮ್ಮಗಳು ಬೈಸಿಕಲ್ಲನ್ನು ಮರಕ್ಕೆ ಒರಗಿಸಿ ಮುಂದೆ ಓಡಿದವಳು ನಡುವೆ ನಿಂತು ಕೂಗಿದಳು: “ತಾತ, ನದಿ ಎಲ್ಲಿ?” ನಾವು ಹೇಳಿದೆವು: “ನೀನು ನಿಂತಿರುವುದೇ ನದಿಯಲ್ಲಮ್ಮ.” ಮರಳು ತೆಗೆದ ಗುಂಡಿಗಳು, ಜಾಲಿಯ ಪೊದೆ, ಒಂದು ಕಡೆ ಪಾಚಿಗಟ್ಟಿದ ಸಣ್ಣ ಹೊಂಡ. ಮಗು ಅಳಲಿಲ್ಲ, ನಗಲೂ ಇಲ್ಲ. ಕೊಟ್ಟ ಮಾತು ಸುಳ್ಳಾಯಿತೆಂಬ ಸಂಕೋಚದಿಂದ ನಾವು ತಲೆ ತಗ್ಗಿಸಿದೆವು.

ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, “ಸತ್ತಿಲ್ಲ ಸ್ವಾಮಿ, ಮಲಗವ್ಳೆ” ಎಂದರು. 2021ರ ನವೆಂಬರಿನಲ್ಲಿ ಇದೇ ನದಿ ದಂಡೆ ಮೀರಿ ಹರಿದುದನ್ನು ಕೈಯೆತ್ತಿ ತೋರಿಸಿದರು. ಅವರ ಮಾತು ದಿಟ. ಮಳೆ ಕೈಕೊಟ್ಟುದೊಂದೇ ಕಾರಣವಲ್ಲ. ನದಿಗೆ ನೀರೂಡುವ ಹಳ್ಳಗಳು ಒತ್ತುವರಿಯಾದವು, ಮರಳು ಹೋಯಿತು, ಕೊಳವೆಬಾವಿಗಳು ಅಂತರ್ಜಲವನ್ನು ಹೀರಿದವು, ನೀಲಗಿರಿ ತೋಪುಗಳು ಬೆಳೆದವು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಹಳೆಯ ತೋಪುಗಳು ಇನ್ನೂ ಅಲ್ಲಲ್ಲಿ ಇವೆ.

ವಿದುರಾಶ್ವತ್ಥಕ್ಕೆ ಬಂದಾಗ ಬಿಸಿಲೇರಿತ್ತು. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದ ನಿರಾಯುಧ ಜನರ ಮೇಲೆ ಗುಂಡು ಹಾರಿದ ನೆಲವಿದು. ಪುರಾತನ ಅಶ್ವತ್ಥವೃಕ್ಷ 2001ರಲ್ಲಿ ಉರುಳಿತು. ವೀರಸ್ತಂಭದೆದುರು ನಿಂತು ಮೊಮ್ಮಗಳಿಗೆ ಗೌರಿಬಿದನೂರು ಸೀಮೆಯ ಹೊಸೂರಿನ ಡಾ. ಎಚ್. ನರಸಿಂಹಯ್ಯನವರ ಕಥೆಯನ್ನೂ ಹೇಳಿದೆವು. ಬಸ್ಸಿನ ಹಣವಿಲ್ಲದೆ ಓದಿನ ಹಂಬಲದಿಂದ ಬೆಂಗಳೂರಿಗೆ ನಡೆದೇ ಹೋದ ಆ ಬಾಲಕ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಮಳೆಗಾಲದಲ್ಲಿ ಮತ್ತೆ ಬರೋಣ ತಾತ, ನದಿ ಎದ್ದಿದ್ದಾಳೋ ನೋಡೋಣ” ಎಂದಳು. ನಮ್ಮ ಮಾತಿಗೆ ಅವಳು ಕೊಟ್ಟ ಕ್ಷಮೆಯದು.

ಈ ಯಾತ್ರೆಯನ್ನು ಕೈಗೊಳ್ಳುವ ಬಂಧುಗಳಿಗೆ ಎರಡು ಮಾತು. ವಾರದ ನಡುವಣ ದಿನಗಳನ್ನು ಆರಿಸಿಕೊಳ್ಳಿ. ನಸುಕಿನಲ್ಲಿ ಹೊರಟು ಹತ್ತು ಗಂಟೆಗೆ ನೆರಳು ಸೇರಿ. ಪಂಕ್ಚರ್ ಸಾಮಾನು, ಗಾಳಿಪಂಪು, ನೀರು, ಬೆಲ್ಲ, ಹುರಿಗಡಲೆ ಜೊತೆಗಿರಲಿ. ತೋಟದವರನ್ನು ಕೇಳದೆ ಹಣ್ಣು ಮುಟ್ಟಬೇಡಿ. ಕೊಂಡರೆ ಚೌಕಾಸಿ ಮಾಡಬೇಡಿ. ಊರಿಗೆ ಮರಳಿದ ಮೇಲೆ ನಿಮ್ಮೂರ ಕೆರೆಗೆ ನೀರು ತರುವ ಕಾಲುವೆ ಎಲ್ಲಿದೆಯೆಂದು ಮಕ್ಕಳೊಡನೆ ಒಮ್ಮೆ ಹುಡುಕಿ. ಮಳೆ ಹಿಡಿದ ಕೂಡಲೆ ನಾವು ಮತ್ತೆ ನಂದಿಗೆ ಹೋಗುವವರಿದ್ದೇವೆ. ಕೊಟ್ಟ ಮಾತು ಇನ್ನೂ ಬಾಕಿಯಿದೆ.