ಮೂರು ಬಂಡೆ, ಒಂದು ಹಾರ್ಡ್ ಡಿಸ್ಕ್

ದೊಡ್ಡಮ್ಮನ ಹಾಡುಗಳಿದ್ದ ಹಾರ್ಡ್ ಡಿಸ್ಕ್ ಕೆಟ್ಟಿದ್ದು 2021ರ ಮೇ ತಿಂಗಳ ಒಂದು ಮಧ್ಯಾಹ್ನ. ಚಳ್ಳಕೆರೆಯ ಬಿಸಿಲು ಕಂಡವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಮೂರನೇ ಸಲ ಬಂದಾಗ ಕಂಪ್ಯೂಟರ್ ಏಳಲಿಲ್ಲ. ಒಳಗಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್, ಟಿಕ್ ಎಂದು ಸದ್ದು.

ನನಗೇನೂ ಗಾಬರಿಯಾಗಲಿಲ್ಲ. ಬ್ಯಾಕಪ್ ಇತ್ತಲ್ಲ! ಸಿ ಡ್ರೈವ್‌ನಲ್ಲಿದ್ದುದನ್ನೆಲ್ಲ ಡಿ ಡ್ರೈವ್‌ಗೆ ಕಾಪಿ ಮಾಡಿ, ಆ ಫೋಲ್ಡರಿಗೆ ‘ಬ್ಯಾಕಪ್’ ಎಂದೇ ಹೆಸರಿಟ್ಟಿದ್ದೆ. ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲು. ಅಣ್ಣತಮ್ಮಂದಿರು ಒಂದೇ ಮನೆಗೆ ನಡುಗೋಡೆ ಎಬ್ಬಿಸಿಕೊಂಡ ಹಾಗೆ. ಸೂರು ಕುಸಿದರೆ ಇಬ್ಬರೂ ಬೀದಿಗೆ. ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಇಷ್ಟು ಹೊಳೆದಿರಲಿಲ್ಲ.

ದೊಡ್ಡಮ್ಮ ಇದ್ದದ್ದು ಮೊಳಕಾಲ್ಮೂರಿನಲ್ಲಿ. ರೇಷ್ಮೆ ಸೀರೆ ನೇಯುವ ಮನೆ. ಕಂಡಿಕೆ ಸುತ್ತುತ್ತಾ ಹಾಡುತ್ತಿದ್ದಳು. ಸೋಬಾನೆ, ಬೀಸುವ ಪದ, ತೊಟ್ಟಿಲ ಪದ, ಏನು ಕೇಳಿದರೂ ಇತ್ತು. ನಮ್ಮ ತಾಲ್ಲೂಕಿನದೇ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ್ದನ್ನು ಓದಿದ ಮೇಲೆ, ನಮ್ಮ ಮನೆಯಲ್ಲೇ ಒಬ್ಬಳಿದ್ದಾಳಲ್ಲ ಎನ್ನಿಸಿ, 2014ರಿಂದ ರೆಕಾರ್ಡ್ ಮಾಡತೊಡಗಿದೆ. ಮೂರು ವರ್ಷಕ್ಕೆ 63 ಹಾಡುಗಳಾದವು. ಎಲ್ಲದರ ಹಿಂದೆಯೂ ಮಗ್ಗದ ಸದ್ದು.

ಮೊದಲ ದಿನ ಆಕೆ ಕೇಳಿದ್ದಳು: “ಹಾಡಿದ್ದೆಲ್ಲಾ ಇದರ ಹೊಟ್ಟೇಲೇ ಇರ್ತತೇನೋ?”

“ಇರುತ್ತೆ ದೊಡ್ಡಮ್ಮ.”

“ಕರೆಂಟ್ ಹೋದ್ರೂ?”

“ಹೋದ್ರೂ.”

2019ರಲ್ಲಿ ದೊಡ್ಡಮ್ಮ ತೀರಿಕೊಂಡಳು.

ಡಿಸ್ಕ್ ಟಿಕ್ ಎಂದಾಗ ನಾನು ಮಾಡಿದ ಎರಡನೇ ತಪ್ಪು, ಆ ಸಂಜೆಯೆಲ್ಲ ಅದನ್ನು ಮತ್ತೆ ಮತ್ತೆ ಆನ್ ಮಾಡಿದ್ದು. ಒಳಗಿನ ತಟ್ಟೆ ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಓದುವ ಹೆಡ್ ತಟ್ಟೆಯನ್ನು ಮುಟ್ಟದೆ, ಕೂದಲೆಳೆ ಕೂಡ ತೂರದಷ್ಟು ಅಂತರದಲ್ಲಿ ತೇಲುತ್ತಿರುತ್ತದೆ. ಹೆಡ್ ಕೆಟ್ಟಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಗೀಚಿಹೋಗಬಹುದು. ಆಫ್ ಮಾಡಿ ಸುಮ್ಮನೆ ಎತ್ತಿಡುವುದೇ ಸರಿ. ಅದನ್ನು ಬೆಂಗಳೂರಿನ ರಿಕವರಿಯವನು ಹೇಳಿದ, ಬೈಯುವ ಧ್ವನಿಯಲ್ಲೇ. ಅವನು ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ ತೆಗೆದು ಇದಕ್ಕೆ ಹಾಕಿ, ಸಿಕ್ಕಷ್ಟನ್ನು ಬಗೆದು ತೆಗೆದ. ನನ್ನ ಒಂದು ತಿಂಗಳ ಸಂಬಳ ಹೋಯಿತು. 41 ಹಾಡು ಬಂದವು. ಫೈಲುಗಳ ಹೆಸರೆಲ್ಲ ಹೋಗಿ ಬರೀ ನಂಬರುಗಳು ಉಳಿದಿದ್ದವು. ಒಂದು ತೊಟ್ಟಿಲ ಪದವಂತೂ ಅರ್ಧಕ್ಕೆ ಕಡಿದುಹೋಗಿತ್ತು.

ಆ ವರ್ಷದ ಕೊನೆಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬ್ರಹ್ಮಗಿರಿಗೆ ಹೋಗಿದ್ದೆ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನ ಒಂದಲ್ಲ, ಮೂರಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ಬಿ. ಎಲ್. ರೈಸ್ ಇವನ್ನು ಪತ್ತೆಹಚ್ಚಿದರು. ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಇಷ್ಟು ಹತ್ತಿರ ಹತ್ತಿರ, ಅದೂ ಒಂದೇ ಒಕ್ಕಣೆಯನ್ನು, ಮೂರು ಕಡೆ ಯಾಕೆ ಕೆತ್ತಿಸಿದರೆಂದು ಯೋಚಿಸಿರಲಿಲ್ಲ. ಜನ ಓಡಾಡುವ ಕಡೆಯೆಲ್ಲ ಓದಲಿ ಎಂದಿರಬೇಕು. ಬ್ಯಾಕಪ್ ಇರಲಿ ಎಂದು ಅಶೋಕ ಹೇಳಿದ್ದನೆಂದು ವಾದಿಸುವಷ್ಟು ಹುಚ್ಚು ನನಗಿಲ್ಲ. ಆದರೂ ಆದದ್ದು ಅದೇ. ಬ್ರಹ್ಮಗಿರಿಯ ‘ಅಕ್ಷರ ಗುಂಡು’ ಮೂರರಲ್ಲಿ ಚೆನ್ನಾಗಿ ಉಳಿದಿದೆ. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ, ಗುಡಿಯ ಮೆಟ್ಟಿಲಿಗೆ ಎದುರಾಗಿರುವ ಬಂಡೆ ತೀರಾ ಸವೆದಿದೆ. ಜನ ಅದನ್ನು ಕರೆಯುತ್ತಿದ್ದದ್ದು ‘ಬಳೆಗಾರ ಗುಂಡು’ ಎಂದು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹೂಡುತ್ತಿದ್ದರು. ಅಲ್ಲಿ ಸವೆದ ಸಾಲಿನಲ್ಲಿ ಏನಿತ್ತೆಂದು ವಿದ್ವಾಂಸರು ಹೇಳುವುದು ಬ್ರಹ್ಮಗಿರಿಯ ಪ್ರತಿಯನ್ನು ನೋಡಿ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಹೆಸರಿದೆ. ಆತ ತನ್ನ ವೃತ್ತಿಯ ಹೆಸರನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿಯಲ್ಲಿ ಬರೆದುಕೊಂಡಿದ್ದಾನೆ. ಈ ಬಿಸಿಲಿಗೆ ಎಲ್ಲಿಂದ ಬಂದನೋ ಪಾಪ.

ಬಳೆಗಾರರ ಮೇಲೆ ನನಗೆ ಸಿಟ್ಟೇನೂ ಇಲ್ಲ, ನಾನೂ ಅದನ್ನೇ ಮಾಡಿದವನು. ಹಾರ್ಡ್ ಡಿಸ್ಕಿನಲ್ಲಿ ಫೈಲ್ ಅಳಿಸಿದರೆ ಅದು ಕೂಡಲೇ ಅಳಿಯುವುದಿಲ್ಲ, ಪರಿವಿಡಿಯಿಂದ ಹೆಸರು ಹೋಗುತ್ತದೆ ಅಷ್ಟೆ. ಆ ಜಾಗದ ಮೇಲೆ ಹೊಸದು ಬಂದು ಕೂತಾಗ ನಿಜವಾಗಿ ಹೋಗುತ್ತದೆ. ಜಾಗ ಸಾಲದೆಂದು ಪೆನ್ ಡ್ರೈವ್‌ನಲ್ಲಿದ್ದ ದೊಡ್ಡಮ್ಮನ ಹಾಡುಗಳನ್ನು ಅಳಿಸಿ, ಅಲ್ಲಿ ಯಾರದೋ ಮದುವೆಯ ವಿಡಿಯೊ ತುಂಬಿದ್ದವನು ನಾನೇ.

ಬ್ರಹ್ಮಗಿರಿಯಿಂದ ಬರುವಾಗ ಮೊಳಕಾಲ್ಮೂರಿನಲ್ಲಿ ಇಳಿದು ದೊಡ್ಡಮ್ಮನ ಮಗನ ಮನೆಗೆ ಹೋದೆ. ಅಣ್ಣನಿಗೆ ಅಲ್ಲಿಯತನಕ ಏನನ್ನೂ ಹೇಳಿರಲಿಲ್ಲ, ನಾಚಿಕೆ. ಆತ ಸುಮ್ಮನೆ ಕೇಳಿ, ಎದ್ದು ಹೋಗಿ, ಟ್ರಂಕಿನಿಂದ ಹಳೆಯ ಬಟನ್ ಫೋನ್ ತಂದ. “ಅವತ್ತು ನೀನೇ ಬ್ಲೂಟೂತ್‌ನಾಗೆ ಕಳಿಸಿದ್ದಲ್ಲಪ್ಪ, ಇದರಾಗೆ ನೋಡು.” ಮೆಮೊರಿ ಕಾರ್ಡಿನಲ್ಲಿ 9 ಹಾಡುಗಳಿದ್ದವು. ಅದರಲ್ಲಿ 6 ನನ್ನಲ್ಲಿ ಇಲ್ಲದವು. ತಗಡು ಬಡಿದ ಹಾಗೆ ಕೇಳುತ್ತಿತ್ತು ಧ್ವನಿ, ಆದರೆ ಪದಗಳು ಪೂರ್ತಿ. ನಾವಿಬ್ಬರೂ ಆವತ್ತು ಊಟಕ್ಕೆ ಎದ್ದದ್ದು ಮೂರು ಗಂಟೆಗೆ.

ಈಗ ಕ್ರಮವಾಗಿ ಮಾಡುತ್ತೇನೆ. ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಪ್ರಚಾರಕ್ಕೆ ತಂದ 3-2-1 ಎಂಬ ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ನನ್ನ ಕಂಪ್ಯೂಟರಿನಲ್ಲಿ ಒಂದು. ಅಣ್ಣನ ಟ್ರಂಕಿನಲ್ಲಿ, ಸೀರೆಗಳ ನಡುವೆ, ಹೊರಗಿನ ಡಿಸ್ಕ್ ಒಂದು. ಕ್ಲೌಡಿನಲ್ಲಿ ಒಂದು. ತಾನಾಗಿ ಸಿಂಕ್ ಆಗುವ ಫೋಲ್ಡರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಕೈತಪ್ಪಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಪಾಸ್‌ವರ್ಡ್ ನನ್ನ ಹೆಂಡತಿಗೂ ಗೊತ್ತು. ಹಾಡುಗಳ ಪದಗಳನ್ನು ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಅದಕ್ಕೆ ಕರೆಂಟು ಬೇಡ.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅಣ್ಣನ ಮನೆಯಲ್ಲಿ ಮಗ್ಗಕ್ಕೆ ಪೂಜೆಯಾದ ಮೇಲೆ ಡಿಸ್ಕಿಗೂ ಕುಂಕುಮ ಇಟ್ಟು, ಅದರಿಂದ ನಾಲ್ಕೈದು ಹಾಡನ್ನು ಬೇರೊಂದು ಲ್ಯಾಪ್‌ಟಾಪಿಗೆ ಹಾಕಿ ಪೂರ್ತಿ ಕೇಳುತ್ತೇವೆ. ಫೈಲ್ ಇದೆ ಎನ್ನುವುದು ಬೇರೆ, ತೆರೆದು ಹಾಡುವುದು ಬೇರೆ. ಎರಡನೇ ವರ್ಷ ಒಂದು ಫೈಲ್ ತೆರೆಯಲಿಲ್ಲ. ಕ್ಲೌಡಿನಿಂದ ತಂದು ಮತ್ತೆ ಹಾಕಿದೆವು.

ಹದಿನಾರು ಹಾಡು ಸಿಕ್ಕಿಲ್ಲ. ಅರ್ಧಕ್ಕೆ ನಿಂತ ತೊಟ್ಟಿಲ ಪದ ಇನ್ನೂ ಅಲ್ಲೇ ನಿಲ್ಲುತ್ತದೆ. ದೊಡ್ಡಮ್ಮನ ಜೊತೆ ಕೂತು ಹಾಡುತ್ತಿದ್ದ ಒಬ್ಬರು ಮಗಳ ಮನೆ ಸೇರಿ ರಾಯದುರ್ಗದಲ್ಲಿದ್ದಾರಂತೆ. ಗಡಿ ದಾಟಿದರೆ ಊರು. ವಯಸ್ಸು ಎಂಬತ್ತು ದಾಟಿದೆ. ಈ ಭಾನುವಾರ ಹೋಗೋಣ ಎಂದಿದ್ದಾನೆ ಅಣ್ಣ.