ದುಂಡನೆಯ ಊರು ವೈಟ್‌ಫೀಲ್ಡ್

ವೈಟ್‌ಫೀಲ್ಡ್ ಎಂಬ ಹೆಸರನ್ನು ಮೊದಲ ಸಲ ಕೇಳಿದವರ ಕಣ್ಣಮುಂದೆ ಬಿಳಿಯ ಹೊಲವೊಂದು ಸುಳಿದರೆ ಆಶ್ಚರ್ಯವಿಲ್ಲ. ಅರಳಿದ ಹತ್ತಿಯ ಹೊಲವೋ ಸುಣ್ಣಕಲ್ಲಿನ ಬಯಲೋ ಇದ್ದೀತೆಂದು ಊಹಿಸಿ ಹೊರಟವರಿಗೆ ಅಲ್ಲಿ ಕಾಣಸಿಗುವುದು ಅಪ್ಪಟ ಕೆಮ್ಮಣ್ಣು. ಹೆಸರಿನಲ್ಲಿರುವ ಬಿಳುಪು ಮಣ್ಣಿನದೂ ಅಲ್ಲ, ಬೆಳೆಯದೂ ಅಲ್ಲ, ಡಿ. ಎಸ್. ವೈಟ್ ಎಂಬ ಮಹಾಶಯರದು. ತನ್ನ ಜನಕ್ಕೊಂದು ಊರಿಲ್ಲವೆಂದು ಮರುಗಿ, ಊರೊಂದನ್ನು ಕಟ್ಟಿಸಲು ಹೊರಟವರು ಅವರು.

ಬೆಂಗಳೂರಿನ ಮೆಜೆಸ್ಟಿಕ್ಕಿನಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರು ಹೋದರೆ ವೈಟ್‌ಫೀಲ್ಡ್ ಸಿಗುತ್ತದೆ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೋ ರೈಲು ನಗರದ ನಡುವಿನಿಂದ ಕಾಡುಗೋಡಿಯವರೆಗೆ ಎಲ್ಲಿಯೂ ಇಳಿದು ಹತ್ತುವ ತೊಂದರೆಯಿಲ್ಲದೆ ಕರೆದೊಯ್ಯುತ್ತಿದೆ. ಎತ್ತರದ ಹಳಿಯ ಮೇಲಿನಿಂದ ನೋಡಿದರೆ ಎರಡು ಕಡೆಗಳಲ್ಲಿಯೂ ಗಾಜಿನ ಗೋಡೆಯ ಕಚೇರಿಗಳು, ಮುಗಿಲು ಮುಟ್ಟುವ ವಸತಿ ಸೌಧಗಳು. ಬಹುಮಂದಿ ಇದನ್ನೇ ವೈಟ್‌ಫೀಲ್ಡ್ ಎಂದು ತಿಳಿದು, ನೋಡಿಯಾಯಿತೆಂದು ಹಿಂದಿರುಗುತ್ತಾರೆ. ಆದರೆ ಮೂಲದ ವೈಟ್‌ಫೀಲ್ಡ್ ಹೆದ್ದಾರಿಯ ಮೇಲಿಲ್ಲ. ಹೋಪ್ ಫಾರಂ ಎಂಬ ಕೂಡುರಸ್ತೆಯನ್ನು ದಾಟಿ ದಕ್ಷಿಣಕ್ಕೆ ತುಸು ದೂರ ಹೋಗಿ, ಮುಖ್ಯ ರಸ್ತೆಯನ್ನು ಬಿಟ್ಟು ಒಳಗೆ ತಿರುಗಬೇಕು.

ಹೊರಟಲ್ಲಿಗೇ ಬರುವ ರಸ್ತೆ

ಅಲ್ಲಿ ರಸ್ತೆಯೊಂದು ಮೆಲ್ಲನೆ ಬಾಗುತ್ತ ಹೋಗುತ್ತದೆ. ಎಲ್ಲಿಯೂ ಮೂಲೆಯಿಲ್ಲ, ತಿರುವಿಲ್ಲ. ಸ್ವಲ್ಪ ಹೊತ್ತು ನಡೆದರೆ ಹೊರಟ ಜಾಗಕ್ಕೇ ಬಂದು ನಿಂತಿರುತ್ತೇವೆ. ಇದೇ ಒಳವೃತ್ತ, ಜನರ ಬಾಯಲ್ಲಿ ‘ಇನ್ನರ್ ಸರ್ಕಲ್’. ಇದನ್ನು ಬಳಸಿ ಹೊರಗೊಂದು ವೃತ್ತವುಂಟು. ನಡುವೆ ಬಯಲು, ಬಯಲಿನ ಸುತ್ತ ರಸ್ತೆ, ರಸ್ತೆಯ ಸುತ್ತ ಬಯಲಿಗೆ ಮುಖಮಾಡಿದ ಮನೆಗಳು. ದಿಕ್ಕು ನೋಡಿ ಬೀದಿ ಹಾಕುವ ನಮ್ಮ ಹಳ್ಳಿಯ ಪದ್ಧತಿಯೂ ಇದಲ್ಲ, ನೂಲು ಹಿಡಿದು ಅಡ್ಡರಸ್ತೆಗಳನ್ನು ಎಣಿಸುವ ಮಲ್ಲೇಶ್ವರದ ಪದ್ಧತಿಯೂ ಇದಲ್ಲ.

ಮಂಗಳೂರು ಹೆಂಚಿನ ಮಾಡು, ಮುಂದೊಂದು ಜಗಲಿ, ಕಿಟಕಿಯ ಮೇಲೆ ಮರದ ಅಂಚಿನ ಇಳಿಜಾರು ಸೂರು, ಅಂಗಳ ತುಂಬ ಮರಗಿಡ: ಹಿಂದೆ ಇಲ್ಲಿನ ಮನೆಗಳೆಲ್ಲ ಈ ಮಾದರಿಯವು. ಈಗ ಅಂಥವು ಬೆರಳೆಣಿಕೆಯಷ್ಟು. ಉಳಿದ ನಿವೇಶನಗಳಲ್ಲಿ ಮಹಡಿಗಳು ಎದ್ದಿವೆ. ಆದರೂ ಮೆಮೋರಿಯಲ್ ಚರ್ಚು ಇದೆ. ಅದರ ಅಂಗಳದಲ್ಲಿ ನಿಂತು ಕಿವಿಗೊಟ್ಟರೆ, ಕೂಗಳತೆಯಲ್ಲಿರುವ ಮಹಾನಗರದ ಸದ್ದು ತುಸು ದೂರಕ್ಕೆ ಸರಿದಂತೆ ಭಾಸವಾಗುತ್ತದೆ.

ಎರಡು ಮನೆಯ ನೆಂಟರು

ಈ ಊರನ್ನು ಯಾರಿಗಾಗಿ ಕಟ್ಟಿದರೆಂಬುದನ್ನು ತಿಳಿಯಲು ಚರಿತ್ರೆಯಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಐರೋಪ್ಯ ತಂದೆ, ಭಾರತೀಯ ತಾಯಿ, ಇವರ ಸಂತಾನವಾಗಿ ಒಂದು ಸಮುದಾಯ ಬೆಳೆಯಿತು. ಮೊದಮೊದಲು ಇವರನ್ನು ಆದರಿಸಿದ ಕಂಪನಿಯು ಅನಂತರ ಇವರ ಸಂಖ್ಯೆಯನ್ನು ಕಂಡು ಹೆದರಿ, 1791ರಲ್ಲಿ ತನ್ನ ಉನ್ನತ ಹುದ್ದೆಗಳ ಬಾಗಿಲನ್ನು ಇವರಿಗೆ ಮುಚ್ಚಿತು. ಮುಂದೆ ರೈಲ್ವೆ, ತಂತಿ, ಸುಂಕದ ಕಟ್ಟೆಗಳಲ್ಲಿ ಕೆಲಸ ಸಿಕ್ಕಿತಾದರೂ ಅದು ಸಂಬಳ ಇರುವಷ್ಟು ದಿನದ ಅನ್ನ. ಸರ್ಕಾರಿ ವಸತಿ ಬಿಟ್ಟ ದಿನ ಇವರಿಗೆ ಹಿಂದಿರುಗಲು ಹಳ್ಳಿಯಿರಲಿಲ್ಲ, ಉಳಲು ಹೊಲವಿರಲಿಲ್ಲ. ಆಂಗ್ಲರ ಪಂಕ್ತಿಯಲ್ಲಿ ಇವರಿಗೆ ಎಲೆಯಿಲ್ಲ. ದೇಶೀಯರೊಡನೆ ಕೂರಲು ಇವರಿಗೆ ಮನಸ್ಸಿಲ್ಲ. ಎರಡು ಮನೆಯ ನೆಂಟ ಉಪವಾಸ ಬಿದ್ದ ಕಥೆಯಂತಾಯಿತು ಇವರ ಬಾಳು.

ಈ ಸ್ಥಿತಿಗೆ ಭೂಮಿಯೊಂದೇ ಮದ್ದು ಎಂದರು ಡಿ. ಎಸ್. ವೈಟ್. ಮದರಾಸಿನಲ್ಲಿ ತಮ್ಮ ಜನರ ಸಂಘವನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. ಗುಮಾಸ್ತಿಕೆಯನ್ನು ನಂಬಿದ ಜನ ನೇಗಿಲನ್ನು ನಂಬಬೇಕು, ನೆಲದಲ್ಲಿ ಬೇರು ಬಿಡಬೇಕು ಎಂಬುದು ಅವರ ಆಸೆ. ಆ ಆಸೆಗೆ ಮೈಸೂರು ಸಂಸ್ಥಾನ ಇಂಬು ಕೊಟ್ಟಿತು. 1881ರಲ್ಲಿ ರಾಜ್ಯವು ಆಂಗ್ಲರ ಕೈಯಿಂದ ಒಡೆಯರ ಮನೆತನಕ್ಕೆ ಮರಳಿತ್ತು. 1876–78ರ ಭೀಕರ ಕ್ಷಾಮ ಮುಗಿದು ಇನ್ನೂ ಬಹಳ ವರ್ಷಗಳಾಗಿರಲಿಲ್ಲ. 1882ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ನೀಡಿದರು. ಅಲ್ಲಿ ನೆಲೆಗೊಂಡ ಊರಿಗೆ ವೈಟ್ ಅವರ ಹೆಸರನ್ನಿಟ್ಟರು. ರಾಂಚಿಯ ಬಳಿ ಇದೇ ಸಮುದಾಯದ ಮೆಕ್‌ಕ್ಲಸ್ಕಿಗಂಜ್ ಹುಟ್ಟಿದ್ದು 1933ರಲ್ಲಿ; ನಮ್ಮ ವೈಟ್‌ಫೀಲ್ಡ್ ಅದಕ್ಕಿಂತ ಅರ್ಧ ಶತಮಾನ ಹಿರಿಯದು.

ಆದರೆ ಎಕರೆಗಳನ್ನು ಕೊಟ್ಟ ಮಾತ್ರಕ್ಕೆ ಒಕ್ಕಲುತನ ಕೈಗೆ ಬರುವುದಿಲ್ಲ. ಮಳೆಯನ್ನು ನಂಬಿದ ಬೆದ್ದಲು, ತೋಡಿದಷ್ಟೂ ಆಳಕ್ಕಿಳಿಯುವ ಬಾವಿ, ದುಡಿಮೆಗೆ ಕಾಯುವ ಕೆಮ್ಮಣ್ಣು. ಎದುರಿಗೆ ಕಾಗದ–ಲೇಖನಿಯಲ್ಲಿ ಪಳಗಿದ ಕೈಗಳು. ವೈಟ್ ಮಹಾಶಯರು 1889ರಲ್ಲಿ ತೀರಿಕೊಂಡರು. ಕ್ರಮೇಣ ತರುಣರು ರೈಲ್ವೆಗೆ, ಕೋಲಾರದ ಚಿನ್ನದ ಗಣಿಗೆ ಹೊರಟುಹೋದರು. 1864ರಿಂದಲೇ ಓಡುತ್ತಿದ್ದ ಜೋಲಾರಪೇಟೆಯ ರೈಲುಹಾದಿ ಊರಿಗೆ ಸಮೀಪವೇ ಇತ್ತು. ಜನರನ್ನು ತರಬೇಕಾಗಿದ್ದ ರೈಲು ಜನರನ್ನು ಕೊಂಡೊಯ್ದಿತು. ದುಡಿದು ದಣಿದವರು ಮಾತ್ರ ಪಿಂಚಣಿಯ ಕಾಲಕ್ಕೆ ಇಲ್ಲಿಗೆ ಬಂದರು. ಬೇಸಾಯಗಾರರ ಊರಾಗಬೇಕಿದ್ದದ್ದು ವಿಶ್ರಾಂತಿಯ ಊರಾಯಿತು.

ಅಂಥ ನಿದ್ದೆಗಣ್ಣಿನ ಊರಿಗೆ ಒಂದು ಪ್ರಣಯ ಕಥೆಯೂ ಅಂಟಿಕೊಂಡಿದೆ. ಬೆಂಗಳೂರು ದಂಡಿನಲ್ಲಿದ್ದ ತರುಣ ವಿನ್‌ಸ್ಟನ್ ಚರ್ಚಿಲ್, ಇಲ್ಲಿನ ವೇವರ್ಲಿ ಇನ್ ಎಂಬ ತಂಗುಮನೆಯ ಒಡೆಯರ ಮಗಳಿಗಾಗಿ ಕುದುರೆ ಏರಿ ಬರುತ್ತಿದ್ದನಂತೆ. ಚರ್ಚಿಲ್ 1896ರಲ್ಲಿ ಬೆಂಗಳೂರಿಗೆ ಬಂದದ್ದು ನಿಜ; ಮಿಕ್ಕದ್ದು ಬಾಯಿಂದ ಬಾಯಿಗೆ ಬಂದ ಕಥೆ. ಕೇಳಲು ಸೊಗಸಾಗಿದೆ; ನಂಬುವವರು ನಂಬಬಹುದು.

1947ರ ಅನಂತರ ಈ ಸಮುದಾಯದ ಅನೇಕರು ಇಂಗ್ಲೆಂಡಿಗೂ, ಆಮೇಲೆ ಆಸ್ಟ್ರೇಲಿಯ, ಕೆನಡಾ ದೇಶಗಳಿಗೂ ಹೋದರು. ನೆಲದಲ್ಲಿ ಬೇರು ಬಿಡಲೆಂದು ಕಟ್ಟಿದ ಊರು ಹೀಗೆ ಒಂದೊಂದೇ ಮನೆಯಾಗಿ ಬರಿದಾಗುತ್ತ ಬಂದಿತು.

ಅವರಿಗಿಂತ ಹಿಂದಿನವರು

ವೈಟ್‌ಫೀಲ್ಡಿನ ಚರಿತ್ರೆ 1882ರಲ್ಲಿ ಮೊದಲಾಯಿತೆಂದು ಬರೆದುಬಿಡುವುದು ವಾಡಿಕೆ. ಇದು ನ್ಯಾಯವಲ್ಲ. ಸುತ್ತಲಿನ ಕಾಡುಗೋಡಿ, ಪಟ್ಟಂದೂರು ಅಗ್ರಹಾರ, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ, ಹಗದೂರು, ವರ್ತೂರುಗಳು ಅದಕ್ಕೂ ಮೊದಲೇ ಇದ್ದವು. ಚೋಳರು ಗಂಗವಾಡಿಯನ್ನು ಗೆದ್ದ ಮೇಲೆ, ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆಯಲ್ಲಿ ಹಾಕಿಸಿದ ತಮಿಳು ಶಾಸನವೊಂದು ಪಟ್ಟಂದೂರಿನ ಕೆರೆಯ ವಿಷಯವನ್ನು ಹೇಳುತ್ತದೆ. ಗಾವುಂಡನೊಬ್ಬನ ಮಗ ಕೆರೆಯನ್ನು ತೋಡಿಸಿ, ತೂಬು ಇಡಿಸಿ, ದುರ್ಗೆ, ಕ್ಷೇತ್ರಪಾಲ, ಗಣಪತಿಯರನ್ನು ಪ್ರತಿಷ್ಠೆ ಮಾಡಿಸಿದನೆಂಬ ಸಂಗತಿ ಅದರಲ್ಲಿದೆ.

ಇಲ್ಲಿನ ಕ್ರಮವನ್ನು ಗಮನಿಸಬೇಕು. ನದಿಯಿಲ್ಲದ ನಾಡು ಇದು. ಆದುದರಿಂದ ಇಲ್ಲಿ ಬಾಳಬೇಕೆಂದವನು ಮೊದಲು ಕೆರೆ ಕಟ್ಟಿದನು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತಿತ್ತು. ಅಲ್ಲಿಂದ ಮುಂದಿನ ಕೆರೆಗೆ. ಹೀಗೆ ಬೆಳ್ಳಂದೂರು ಕೆರೆಯ ನೀರು ವರ್ತೂರಿಗೂ, ವರ್ತೂರಿನದು ದಕ್ಷಿಣ ಪಿನಾಕಿನಿಗೂ ಹೋಗುವ ಏರ್ಪಾಟು ನಡೆದು ಬಂದಿತು.

ಮೂರನೆಯ ಒಕ್ಕಲು

1960ರ ದಶಕದಲ್ಲಿ ಪುಟ್ಟಪರ್ತಿಯ ಸತ್ಯಸಾಯಿಬಾಬಾರವರು ಕಾಡುಗೋಡಿಯಲ್ಲಿ ಬೃಂದಾವನ ಆಶ್ರಮವನ್ನು ನೆಲೆಗೊಳಿಸಿದ ಮೇಲೆ ಭಕ್ತರ ಓಡಾಟ ಹೆಚ್ಚಿತು. 2001ರಲ್ಲಿ ಇಲ್ಲಿ ಪ್ರಾರಂಭವಾದ ಅವರ ಉನ್ನತ ಚಿಕಿತ್ಸೆಯ ಆಸ್ಪತ್ರೆ ಹಣ ಪಡೆಯದೆ ರೋಗಿಗಳನ್ನು ನೋಡುವುದರಿಂದ, ದೂರದ ಊರುಗಳ ಬಡವರಿಗೂ ವೈಟ್‌ಫೀಲ್ಡಿನ ಹೆಸರು ಪರಿಚಯವಾಯಿತು.

ಊರಿನ ಹಣೆಬರಹವನ್ನು ತಿರುಗಿಸಿದ್ದು ಮಾತ್ರ ಐಟಿಪಿಎಲ್. ಭಾರತ–ಸಿಂಗಪುರಗಳ ಸಹಯೋಗದ ಈ ತಂತ್ರಜ್ಞಾನ ಉದ್ಯಾನದ ಕೆಲಸ 1994ರಲ್ಲಿ ಮೊದಲಾಯಿತು. ಹಿಂದೆಯೇ ಕಂಪನಿಗಳು ಬಂದವು, ಕಂಪನಿಗಳ ಹಿಂದೆ ದೇಶದ ಎಲ್ಲ ಮೂಲೆಗಳ ಸಂಸಾರಗಳು ಬಂದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡಾಗ ಊರು ನಗರದೊಳಗೇ ಸೇರಿತು. ಇಂದು ಸಂತೆಗೆ ಹೋದರೆ ಹಿಂದಿ, ತೆಲುಗು, ಮಲಯಾಳ, ಬಂಗಾಳಿ, ಕನ್ನಡಗಳನ್ನು ಒಂದೇ ತಕ್ಕಡಿಯ ಮುಂದೆ ಕೇಳಬಹುದು. ಒಳ್ಳೆಯ ಸಂಬಳ, ಹತ್ತಿರದ ಶಾಲೆ, ಸ್ವಂತದ್ದೆನ್ನಬಹುದಾದ ಒಂದು ಮನೆ: ಇವರ ಆಸೆ ವೈಟ್ ಮಹಾಶಯರ ಜನದ ಆಸೆಗಿಂತ ಬೇರೆಯಲ್ಲ. ಇವರನ್ನು ಹೊರಗಿನವರೆಂದು ದೂರುವುದು ಸುಲಭ. ಆದರೆ ಈ ಊರಿಗೆ ಒಳಗಿನವರೆಲ್ಲರೂ ಒಂದೊಂದು ಕಾಲಕ್ಕೆ ಹೊರಗಿನಿಂದ ಬಂದವರೇ.

ವ್ಯತ್ಯಾಸವಿರುವುದು ಬೇರೆ ಕಡೆ. ಮೊದಲ ಒಕ್ಕಲು ನೀರಿಗೆ ದಾರಿ ಮಾಡಿ ಮನೆ ಕಟ್ಟಿತು. ಎರಡನೆಯದು, ಬೇಸಾಯದಲ್ಲಿ ಸೋತರೂ, ನೆರೆಹೊರೆಯವರು ಸೇರಲೆಂದು ಊರ ನಡುವೆ ಬಯಲನ್ನು ಬಿಟ್ಟಿತು. ಮೂರನೆಯ ಒಕ್ಕಲಿಗಾಗಿ ಕಟ್ಟಿದವರು ಅಳತೆಗೋಲು ಹಿಡಿದು ಪ್ರತಿ ಅಡಿಗೂ ಬೆಲೆ ಕಟ್ಟಿದರು. ನೀರಿನ ದಾರಿಯನ್ನು ಮರೆತರು. ಅದರ ಫಲ ಕಣ್ಣೆದುರಿಗಿದೆ. 2015ರಲ್ಲಿ ವರ್ತೂರು ಕೆರೆಯ ನೊರೆ ಏರಿಯನ್ನು ದಾಟಿ ರಸ್ತೆಗೆ ಹಾರಿತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಈ ಪೂರ್ವ ಭಾಗದ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಒಂದೂವರೆ ವರ್ಷ ಕಳೆದು 2024ರ ಬೇಸಗೆ ಬಂದಾಗ ಅದೇ ಪ್ರದೇಶದಲ್ಲಿ ಕೊಳವೆ ಬಾವಿಗಳು ಬತ್ತಿ, ಹದಿನೈದನೆಯ ಮಹಡಿಯ ಗೃಹಿಣಿಯೂ ಗುಡಿಸಲಿನ ಕೂಲಿಹೆಂಗಸೂ ಟ್ಯಾಂಕರಿನ ದಾರಿಯನ್ನೇ ಕಾದರು. ನೀರು ಹೆಚ್ಚಾಯಿತೆಂಬ ಗೋಳು, ನೀರಿಲ್ಲವೆಂಬ ಗೋಳು ಎರಡಕ್ಕೂ ಬೇರು ಒಂದೇ: ಕೆರೆಗೆ ಹೋಗಬೇಕಾದ ನೀರಿಗೆ ದಾರಿಯಿಲ್ಲ.

ಆದರೂ ನಿರಾಶರಾಗಬೇಕಾದ್ದಿಲ್ಲ. ಕೆರೆಯ ದಂಡೆಯಲ್ಲಿ ರಜಾದಿನ ಕಸ ಹೆಕ್ಕುವ, ಒತ್ತುವರಿಯ ಮೇಲೆ ಕಣ್ಣಿಡುವ, ಮನೆಯ ಮಾಳಿಗೆಯ ಮಳೆನೀರನ್ನು ಇಂಗಿಸುವ ನಿವಾಸಿಗಳು ಇಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ನಿನ್ನೆ ಮೊನ್ನೆ ಬಂದವರು. ಎಲ್ಲಿಂದಲೋ ಬಂದವನು ಕೆರೆಯ ಚಿಂತೆ ಹಚ್ಚಿಕೊಂಡ ದಿನ ಊರಿನವನಾದನೆಂದು ತಿಳಿಯಬೇಕು.

ಈ ಕಡೆಗೆ ಹೋದಾಗ ಕಚೇರಿಗಳ ಬೀದಿಯನ್ನು ನೋಡಿ ಹಿಂದಿರುಗದೆ, ಒಳವೃತ್ತದಲ್ಲಿ ಒಂದು ಸುತ್ತು ನಡೆದು, ಪಟ್ಟಂದೂರಿನ ಕೆರೆಯನ್ನೂ ನೋಡಿ ಬರುವುದು ಒಳ್ಳೆಯದು. ಹೋಪ್ ಎಂದರೆ ಭರವಸೆ. ಹೋಪ್ ಫಾರಂ ಕೂಡುರಸ್ತೆಯಲ್ಲಿ ಈಗ ಹೊಲವಿಲ್ಲ, ವಾಹನಗಳ ಸಾಲಿದೆ. ಹೊಲ ಹೋದರೆ ಹೋಗಲಿ. ಕೆರೆಗಳಿಗೆ ನೀರು ಬಂದರೆ ಹೆಸರಿನ ಉಳಿದರ್ಧವಾದರೂ ನಿಜವಾದೀತು.