ಸೋತವರ ತಟ್ಟೆ

ಚುನಾವಣೆ ಎಂದರೇನು ಎಂದು ಮಗು ಕೇಳಿದರೆ ತಂದೆಯಾದವನು ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಡಲೇಬೇಕು. ಮಳೆ ಹೇಗೆ ಬರುತ್ತದೆ ಎಂಬುದನ್ನು ತಿಳಿಸುವುದು ಸುಲಭ. ದೊಡ್ಡವರೆಲ್ಲ ಸಾಲಿನಲ್ಲಿ ನಿಂತು ಒಬ್ಬರನ್ನು ಆರಿಸಿ, ಅನಂತರ ಐದು ವರ್ಷ ಅವರನ್ನೇ ಬಯ್ಯುವುದೇಕೆ ಎಂಬುದನ್ನು ತಿಳಿಸುವುದು ಅಷ್ಟು ಸುಲಭವಲ್ಲ.

ಮಗುವಿನ ಕಣ್ಣಿಗೆ ಚುನಾವಣೆ ಮೊದಲು ಕಾಣುವುದು ತಾಯಿಯ ಎಡಗೈಯ ತೋರುಬೆರಳಿನ ಮೇಲೆ. ಎಷ್ಟು ತಿಕ್ಕಿದರೂ ಹೋಗದ ಆ ಶಾಯಿಯ ತವರು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಗಳ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆಯೊಂದು 1962ರ ಮಹಾಚುನಾವಣೆಯಿಂದ ಅದನ್ನು ದೇಶಕ್ಕೆ ಒದಗಿಸುತ್ತ ಬಂದಿದೆ. ಒಮ್ಮೆ ಮತ ಕೊಟ್ಟವರು ಮತ್ತೆ ಬಂದರೆ ಬೆರಳೇ ಸಾಕ್ಷಿ ನುಡಿಯುತ್ತದೆ. ಇದು ಮಗುವಿಗೆ ಕೂಡಲೆ ಅರ್ಥವಾಗುತ್ತದೆ. ಲಾಡು ಹಂಚುವಾಗ ಎರಡನೆಯ ಸಲ ಕೈಚಾಚಿ ಸಿಕ್ಕಿಬಿದ್ದ ಅನುಭವ ಅದಕ್ಕೂ ಉಂಟಲ್ಲವೆ?

“ಅಜ್ಜಿ, ನೀನು ಯಾರಿಗೆ ಹಾಕಿದೆ?” ಎಂಬುದು ಮುಂದಿನ ಪ್ರಶ್ನೆ. ಅಜ್ಜಿ ನಕ್ಕು ಸುಮ್ಮನಾಗುತ್ತಾಳೆ. ತಾತನಿಗೂ ಹೇಳಿಲ್ಲವೆಂದು ತಿಳಿದಾಗ ಮೊಮ್ಮಗಳ ಕಣ್ಣು ಅರಳುತ್ತದೆ. ಸಂತೆಯಿಂದ ಯಾವ ತರಕಾರಿ ತರಬೇಕೆಂಬುದನ್ನೂ ತಾತನೇ ನಿಶ್ಚಯಿಸುವ ಮನೆಯಲ್ಲಿ ಅಜ್ಜಿಗೆ ಅವಳದೇ ಆದ ಗುಟ್ಟೊಂದಿದೆ! ಹೆಂಗಸರಿಗೆ ಈ ಸ್ಥಾನ ತಾನಾಗಿ ದೊರಕಲಿಲ್ಲ. 1951-52ರ ಮೊದಲ ಮಹಾಚುನಾವಣೆಯ ಪಟ್ಟಿ ತಯಾರಾಗುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮತ ಕೊಡುವವರಿಗೆ ಸ್ವಂತ ಹೆಸರಿರಬೇಕೆಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನರು ಪಟ್ಟು ಹಿಡಿದರು. ಹೆಸರು ಹೇಳದ ಸುಮಾರು 28 ಲಕ್ಷ ಮಂದಿ ಪಟ್ಟಿಯಿಂದ ಹೊರಗುಳಿಯಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಪಾಠದ ಕಠಿಣ ಭಾಗ ಉಳಿದೇ ಇರುತ್ತದೆ. ಅದಕ್ಕೆ ಪಾಠಶಾಲೆ ಅಡಿಗೆಮನೆ. ಭಾನುವಾರದ ತಿಂಡಿ ದೋಸೆಯೋ ಉಪ್ಪಿಟ್ಟೋ ಎಂದು ಮನೆಯ ಐವರೂ ಚೀಟಿ ಬರೆದು ಚೆಂಬಿನಲ್ಲಿ ಹಾಕಲಿ. ಉಪ್ಪಿಟ್ಟಿಗೆ ಮೂರು, ದೋಸೆಗೆ ಎರಡು ಬಂದವೆನ್ನಿ. ಮಗು ಮುಖ ಊದಿಸಿ, “ಇನ್ನೊಂದು ಸಲ ಹಾಕೋಣ” ಎಂದು ಹಠ ಹಿಡಿಯುತ್ತದೆ. ತಾತನ ಮನಸ್ಸು ಕರಗುತ್ತದೆ: “ಹೋಗಲಿ, ಮಗುವಿಗೆ ಎರಡು ದೋಸೆ ಹುಯ್ದುಕೊಡಮ್ಮ.” ಅಲ್ಲಿಗೆ ಪಾಠ ಕೆಟ್ಟಿತು. ಮೂರು ಚೀಟಿಗಳಿಗಿಂತ ಒಂದು ಅಳುವಿಗೆ ತೂಕ ಹೆಚ್ಚೆಂದು ಆ ಮಗು ಕಲಿತುಬಿಡುತ್ತದೆ.

ಗೆದ್ದವರಿಗೂ ಅಲ್ಲಿ ಪಾಠವುಂಟು. ಉಪ್ಪಿಟ್ಟಿನ ಪಕ್ಷದವರು ಸೋತವರನ್ನು ಅಣಕಿಸಬಾರದು. “ದೋಸೆ ಕೇಳಿದವರಿಗೆ ಇಂದು ತಿಂಡಿಯಿಲ್ಲ” ಎನ್ನುವ ಅಧಿಕಾರವಂತೂ ಅವರಿಗೆ ಇಲ್ಲವೇ ಇಲ್ಲ. ತಿಂಡಿ ಯಾವುದೆಂಬುದು ಚೀಟಿಯಿಂದ ತೀರ್ಮಾನವಾಗಬಹುದು. ತಟ್ಟೆ ಮಾತ್ರ ಐವರಿಗೂ ಹಾಕಲೇಬೇಕು. ನಮ್ಮ ಸಂವಿಧಾನ ಮೂಲಭೂತ ಹಕ್ಕುಗಳೆಂದು ಬರೆದಿಟ್ಟಿರುವುದರ ತಿರುಳು ಏಳು ವರ್ಷದ ಮಗುವಿಗೆ ಇದಕ್ಕಿಂತ ಹೆಚ್ಚಾಗಿ ಬೇಕಿಲ್ಲ. ಮುಂದಿನ ಭಾನುವಾರ ಚೆಂಬು ಮತ್ತೆ ಬರುತ್ತದೆ ಎಂಬ ಭರವಸೆಯಿದ್ದರೆ ಸೋಲು ಗಂಟಲಲ್ಲಿ ಇಳಿಯುತ್ತದೆ.

ಒಂದು ಮತದ ಬೆಲೆಯನ್ನು ತೋರಿಸಲು ಹಿರಿಯರು ಸಂತೇಮರಹಳ್ಳಿಯ ಕತೆ ಹೇಳುವುದುಂಟು. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751. ಮಗು ಬೆರಗಾಗಿ ಆ ಒಂದನ್ನೇ ನೋಡುತ್ತದೆ. ಉಳಿದ ನಲವತ್ತು ಸಾವಿರ ಚಿಲ್ಲರೆ ಜನರ ಕಡೆಗೂ ಅದರ ಕಣ್ಣನ್ನು ತಿರುಗಿಸಬೇಕು. ಅವರು ಮರುದಿನ ಎಂದಿನಂತೆ ಹೊಲಕ್ಕೆ, ಅಂಗಡಿಗೆ ಹೋದರು. ಗೆದ್ದವರು ಅವರಿಗೂ ಶಾಸಕರಾದರು. ಎಣಿಕೆ ಕಲಿತ ಯಾವ ಮಗುವೂ ಗೆದ್ದವರು ಯಾರೆಂದು ಹೇಳೀತು. ಸೋತವರು ಏನಾದರು ಎಂಬುದನ್ನು ಹಿರಿಯರೇ ಹೇಳಿಕೊಡಬೇಕು.

ಮತದಾನದ ವಯಸ್ಸು 1989ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಏಳರ ಮಗುವಿಗೆ ಇನ್ನು ಹನ್ನೊಂದು ವರ್ಷಗಳ ಅವಧಿ. ಎಂದರೆ ಐನೂರಕ್ಕೂ ಮಿಕ್ಕ ಭಾನುವಾರಗಳು. ಅಷ್ಟರಲ್ಲಿ ಎಷ್ಟೋ ಸಲ ಅದು ಸೋತು ಉಪ್ಪಿಟ್ಟು ತಿಂದಿರುತ್ತದೆ; ಗೆದ್ದ ದಿನ ಮೊದಲ ದೋಸೆಯನ್ನು ಸೋತವರ ತಟ್ಟೆಗೆ ಬಡಿಸುವುದನ್ನೂ ಕಲಿತರೆ, ಬೆರಳಿಗೆ ಶಾಯಿ ಬೀಳುವ ಹೊತ್ತಿಗೆ ಅದಕ್ಕೆ ಹೊಸದಾಗಿ ಹೇಳಬೇಕಾದುದು ಹೆಚ್ಚೇನೂ ಉಳಿದಿರದು.